ಮೊದಲು ಬೆಳಕು, ಆಮೇಲೆ ಕ್ಯಾಮೆರಾ: ಮನೆಯ ಕೋಣೆಯಲ್ಲಿ ವಿಡಿಯೊ ತೆಗೆಯುವವರಿಗೆ

“ಯಾವ ಕ್ಯಾಮೆರಾ ತಗೊಳ್ಳಲಿ?” ನನಗೆ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಮನೆಯಲ್ಲೇ ಸಂಗೀತ ಪಾಠ ಹೇಳುವವರು ಕೇಳುತ್ತಾರೆ, ಅಡುಗೆ ತೋರಿಸಬೇಕು ಎಂದುಕೊಂಡಿರುವವರು ಕೇಳುತ್ತಾರೆ, ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಗಣಿತ ಹೇಳಿಕೊಡುವ ಮೇಷ್ಟ್ರೂ ಕೇಳುತ್ತಾರೆ. ಎಲ್ಲರಿಗೂ ನಾನು ಹೇಳುವುದು ಒಂದೇ: “ಈಗ ತೆಗೆದಿರೋ ವಿಡಿಯೊ ಒಂದು ಕಳಿಸಿ, ನೋಡೋಣ.” ಕಳಿಸುತ್ತಾರೆ. ಮೊಬೈಲ್ ಚೆನ್ನಾಗಿಯೇ ಇರುತ್ತದೆ. ಆದರೆ ನೆತ್ತಿಯ ಮೇಲೆ ಟ್ಯೂಬ್‌ಲೈಟು, ಬೆನ್ನ ಹಿಂದೆ ಕಿಟಕಿ, ಕಣ್ಣ ಗುಳಿಯಲ್ಲಿ ಕಪ್ಪು ನೆರಳು, ಗೋಡೆಯ ಮೇಲೆ ಉರುಳುವ ಪಟ್ಟೆಗಳು. ಅದೇ ಕೋಣೆಯಲ್ಲಿ ಲಕ್ಷ ರೂಪಾಯಿಯ ಕ್ಯಾಮೆರಾ ಇಟ್ಟರೂ ಆ ನೆರಳು, ಆ ಪಟ್ಟೆ ಹೋಗುವುದಿಲ್ಲ.

ಹಾಗಾಗಿ ಕೈಯಲ್ಲಿ ದುಡ್ಡಿದ್ದರೆ ಅದನ್ನು ಮೊದಲು ಬೆಳಕಿಗೆ ಹಾಕಿ, ಆಮೇಲೆ ಧ್ವನಿಗೆ, ಕೊನೆಗೆ ಕ್ಯಾಮೆರಾಕ್ಕೆ. ಹವ್ಯಾಸಕ್ಕಾಗಿ ಹಲವು ವರ್ಷಗಳಿಂದ ಬೆಂಗಳೂರಿನ ಬಾಡಿಗೆ ಮನೆಗಳ ಪುಟ್ಟ ಕೋಣೆಗಳಲ್ಲಿ ಚಿತ್ರ, ವಿಡಿಯೊ ತೆಗೆಯುತ್ತಾ ಬಂದಿದ್ದೇನೆ. ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆ, ಕೂತು ಮಾತನಾಡುವ ಒಬ್ಬರು, ಒಂದೇ ದೀಪ, ಕೈಯಲ್ಲಿರುವ ಮೊಬೈಲ್ ಅಥವಾ ಸಾಧಾರಣ ಕ್ಯಾಮೆರಾ: ಇಷ್ಟಕ್ಕೆ ಏನೇನು ಮಾಡಬೇಕು ಎನ್ನುವುದನ್ನು ಇಲ್ಲಿ ಹೇಳುತ್ತೇನೆ.

ಬೇಕಾಗುವುದು ಇಷ್ಟು. ಒಂದು ಎಲ್‌ಇಡಿ ದೀಪ (ಯಾವುದು ಎಂದು ಹಂತ 3ರಲ್ಲಿದೆ), ಅದಕ್ಕೊಂದು ಸ್ಟ್ಯಾಂಡು, ಕ್ಯಾಮೆರಾಕ್ಕೆ ಟ್ರೈಪಾಡು, ಜರಿಯಾಗಲಿ ಬಣ್ಣದ ಅಂಚಾಗಲಿ ಇಲ್ಲದ ಒಂದು ಬಿಳಿ ಪಂಚೆ, ಎರಡು ಥರ್ಮಕೋಲ್ ಶೀಟು, ಒಂದು ಕಪ್ಪು ಚಾರ್ಟ್ ಅಥವಾ ಕಪ್ಪು ಶಾಲು, ಬಟ್ಟೆ ಒಣಹಾಕುವ ಕ್ಲಿಪ್ಪುಗಳು, ಕಾಲರ್ ಮೈಕು. ಚಾರ್ಟು, ಥರ್ಮಕೋಲು ಅವೆನ್ಯೂ ರಸ್ತೆಯ ಸ್ಟೇಷನರಿ ಅಂಗಡಿಗಳಲ್ಲೂ ಸಿಗುತ್ತವೆ, ನಿಮ್ಮ ಬಡಾವಣೆಯಲ್ಲೂ ಸಿಗುತ್ತವೆ. ಹಿನ್ನೆಲೆಗೆ ಬಟ್ಟೆ ಬೇಕೆಂದರೆ ಚಿಕ್ಕಪೇಟೆಗೆ ಹೋಗಿ, ಮಿರುಗದ ಬಟ್ಟೆಯನ್ನೇ ಆರಿಸಿ. ಸ್ಯಾಟಿನ್ ಕಣ್ಣಿಗೆ ಚಂದ, ಕ್ಯಾಮೆರಾಕ್ಕೆ ಆಗಿಬರುವುದಿಲ್ಲ.

ಹಂತ 1: ಒಂದು ದಿನ ಕೋಣೆಯನ್ನು ಸುಮ್ಮನೆ ನೋಡಿ

ಏನನ್ನೂ ಕೊಳ್ಳುವ ಮೊದಲು ಒಂದು ಭಾನುವಾರ ಬೆಳಿಗ್ಗೆ ಎಂಟು, ಮಧ್ಯಾಹ್ನ ಹನ್ನೆರಡು, ಸಂಜೆ ನಾಲ್ಕು ಗಂಟೆಗೆ ಅದೇ ಕುರ್ಚಿಯಲ್ಲಿ ಮನೆಯವರನ್ನು ಕೂರಿಸಿ ಒಂದೊಂದು ಫೋಟೊ ತೆಗೆಯಿರಿ. ದೀಪ ಹಾಕಬೇಡಿ, ಕಿಟಕಿಯ ಬೆಳಕು ಮಾತ್ರ ಇರಲಿ. ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ನಿಮ್ಮ ಕೋಣೆಯ ಗುಣ ಗೊತ್ತಾಗುತ್ತದೆ.

“ಉತ್ತರದ ಕಿಟಕಿಯ ಬೆಳಕು ದಿನವಿಡೀ ಒಂದೇ ಸಮ ಇರುತ್ತದೆ” ಎಂದು ಫೋಟೊಗ್ರಫಿ ಪುಸ್ತಕಗಳು ಹೇಳುತ್ತವೆ. ಯುರೋಪಿಗೆ ಅದು ಸರಿ, ಬೆಂಗಳೂರಿಗೆ ಪೂರ್ತಿ ಸರಿಯಲ್ಲ. ನಮ್ಮೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ 24ರ ಆಸುಪಾಸು ಮತ್ತು ಆಗಸ್ಟ್ 18ರ ಆಸುಪಾಸು ಮಧ್ಯಾಹ್ನದ ಸೂರ್ಯ ನೆಟ್ಟಗೆ ನೆತ್ತಿಯ ಮೇಲಿರುತ್ತಾನೆ. ನೆಟ್ಟ ಕೋಲಿಗೆ ನೆರಳೇ ಬೀಳದ ‘ಶೂನ್ಯ ನೆರಳಿನ ದಿನ’ಗಳು ಅವೇ. ಆ ಎರಡು ದಿನಗಳ ನಡುವೆ ಸೂರ್ಯ ನಮಗೆ ಉತ್ತರಕ್ಕಿರುತ್ತಾನೆ. ಅಂದರೆ ಮೇ, ಜೂನ್, ಜುಲೈಯಲ್ಲಿ ಉತ್ತರದ ಕಿಟಕಿಗೂ ಬೆಳಿಗ್ಗೆ, ಸಂಜೆ ನೇರ ಬಿಸಿಲು ಬೀಳಬಹುದು. ಡಿಸೆಂಬರಿನಲ್ಲಿ ಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೆ ವಾಲಿ 53–54 ಡಿಗ್ರಿ ಎತ್ತರದಲ್ಲಿರುತ್ತಾನೆ. ಆಗ ದಕ್ಷಿಣದ ಕಿಟಕಿಯಿಂದ ಬಿಸಿಲು ಒಳಗಿನವರೆಗೂ ಬರುತ್ತದೆ. ಚಳಿಗಾಲದಲ್ಲಿ ಹೊಂದಿಸಿಕೊಂಡ ಜಾಗ ಬೇಸಿಗೆಗೆ ಹೊಂದದಿದ್ದರೆ ಗಾಬರಿ ಬೇಡ. ಕುರ್ಚಿಯನ್ನು ಸ್ವಲ್ಪ ತಿರುಗಿಸಿದರೆ ಸಾಕು.

ಕಿಟಕಿಯಲ್ಲಿ ಇನ್ನೊಂದನ್ನು ನೋಡಬೇಕು, ಪಕ್ಕದ ಮನೆಯ ಗೋಡೆ. ನಮ್ಮಲ್ಲಿ ಎರಡು ಮನೆಗಳ ನಡುವೆ ಮೂರಡಿ ಜಾಗವಿದ್ದರೆ ಹೆಚ್ಚು. ಆ ಗೋಡೆಗೆ ಬಡಿದು ಬರುವ ಬೆಳಕೇ ನಿಮ್ಮ ಕೋಣೆಗೆ ಬರುವ ಬೆಳಕು. ನಾನು ಮೊದಲಿದ್ದ ಮನೆಯ ಪಕ್ಕದವರು ಗೃಹಪ್ರವೇಶದ ವಾರ್ಷಿಕೋತ್ಸವಕ್ಕೆಂದು ಗೋಡೆಗೆ ಗಿಳಿಹಸಿರು ಬಣ್ಣ ಹೊಡೆಸಿದರು. ಅವತ್ತಿನಿಂದ ನನ್ನ ಕೋಣೆಯಲ್ಲಿ ತೆಗೆದ ಪ್ರತಿಯೊಂದು ಮುಖದ ಒಂದು ಕೆನ್ನೆ ಹಸಿರು. ಎಡಿಟಿಂಗಿನಲ್ಲಿ ತಿದ್ದಲು ಹೋದರೆ ಇನ್ನೊಂದು ಕೆನ್ನೆ ಕೆಂಪಾಗುತ್ತಿತ್ತು. ನಿಮಗೂ ಹೀಗಾಗಿದ್ದರೆ ಕಿಟಕಿಗೆ ದಪ್ಪ ಪರದೆ ಹಾಕಿ, ದೀಪವನ್ನೇ ನಂಬಿ ಕೆಲಸ ಮಾಡಿ.

ಒಳ್ಳೆಯ ಕಿಟಕಿ ಇದ್ದವರು ಅದನ್ನು ಬಿಡಬೇಡಿ. ಕೂತವರ ಮುಖ ಕಿಟಕಿಗೆ ಓರೆಯಾಗಿರಲಿ, ಸರಳುಗಳ ನೆರಳು ಬೀಳುತ್ತಿದ್ದರೆ ಕಿಟಕಿಗೆ ಪಂಚೆ ಇಳಿಬಿಡಿ. ಮೈಸೂರಿನಲ್ಲಿ ಹುಟ್ಟಿ, ಛಾಯಾಗ್ರಾಹಕರಲ್ಲಿ ಮೊದಲಿಗರಾಗಿ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ವಿ.ಕೆ. ಮೂರ್ತಿ ಅವರು 1950ರ ದಶಕದ ಕೊನೆಯಲ್ಲಿ, ಸ್ಟುಡಿಯೊದೊಳಗೆ ಒಂದು ಬಿಸಿಲುಕೋಲು ಬೇಕಾದಾಗ, ಹೊರಗಿನ ಬಿಸಿಲನ್ನೇ ದೊಡ್ಡ ಕನ್ನಡಿಗಳಿಂದ ಒಳಕ್ಕೆ ತಿರುಗಿಸಿಕೊಂಡರು. ಬಾಲ್ಕನಿಯಲ್ಲಿ ಬಿಸಿಲು ಬೀಳುವಲ್ಲಿ ಹಳೆಯ ಬೀರುವಿನ ಕನ್ನಡಿ ಇಟ್ಟು, ಬೆಳಕನ್ನು ಬಿಳಿ ಗೋಡೆಗೆ ಹಾಯಿಸಿದರೆ ನೀವೂ ಅದನ್ನೇ ಮಾಡಿದಂತೆ. ಆ ಬೆಳಕನ್ನು ನೇರವಾಗಿ ಯಾರ ಕಣ್ಣಿಗೂ ಬಿಡಬೇಡಿ.

ಹಂತ 2: ಮನೆಯ ದೀಪಗಳನ್ನೆಲ್ಲ ಆರಿಸಿ

ಇದನ್ನು ಮಾಡಲು ಜನ ಹಿಂಜರಿಯುತ್ತಾರೆ. “ಇರೋ ಲೈಟೂ ಇರಲಿ ಬಿಡಿ, ಇನ್ನೂ ಬೆಳಕಾಗುತ್ತೆ” ಎನ್ನುತ್ತಾರೆ. ಬೇಡ ಎನ್ನುವುದಕ್ಕೆ ಎರಡು ಕಾರಣಗಳಿವೆ.

ಒಂದು, ಬಣ್ಣ. ಬೆಳಕಿನ ಬಣ್ಣವನ್ನು ಕೆಲ್ವಿನ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಅಂಕಿ ಕಡಿಮೆಯಾದಷ್ಟೂ ಬೆಳಕು ಹಳದಿ, ಹೆಚ್ಚಾದಷ್ಟೂ ನೀಲಿ. ದೇವರ ಮನೆಯ ಎಣ್ಣೆದೀಪ ಸುಮಾರು 1900 ಕೆಲ್ವಿನ್, ಹಳೆಯ ಕಾಲದ ಬಲ್ಬು 2700, ಮಧ್ಯಾಹ್ನದ ಬಿಸಿಲು ಸುಮಾರು 5500, ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿರುವ ‘ಕೂಲ್ ಡೇಲೈಟ್’ ಟ್ಯೂಬು, ಬಲ್ಬು 6500. ನಮ್ಮ ಕಣ್ಣು ಇವೆಲ್ಲವನ್ನೂ ಬಿಳಿ ಎಂದೇ ಒಪ್ಪಿಕೊಂಡುಬಿಡುತ್ತದೆ, ಕ್ಯಾಮೆರಾ ಒಪ್ಪುವುದಿಲ್ಲ. ಅದು ಒಂದು ಸಲಕ್ಕೆ ಒಂದೇ ಬೆಳಕನ್ನು ಬಿಳಿ ಎಂದು ಹಿಡಿಯಬಲ್ಲದು, ಉಳಿದದ್ದೆಲ್ಲ ಬಣ್ಣವಾಗುತ್ತದೆ. ಎರಡು ಬಗೆಯ ಬೆಳಕು ಒಂದೇ ಮುಖದ ಮೇಲೆ ಕಲೆತರೆ ಆಮೇಲೆ ಬೇರ್ಪಡಿಸುವುದು ಬಹಳ ಕಷ್ಟ. ಹಿನ್ನೆಲೆಯಲ್ಲಿ ಬೇಕೆಂದೇ ಇಟ್ಟ ಹಳದಿ ದೀಪ, ಹಣತೆ, ದೀಪದ ಕಂಬ ಇರಬಹುದು, ಚೆನ್ನಾಗಿಯೂ ಕಾಣುತ್ತದೆ. ಮುಖದ ಮೇಲೆ ಮಾತ್ರ ಒಂದೇ ಬೆಳಕಿರಲಿ.

ಎರಡು, ದಿಕ್ಕು. ಚಾವಣಿಯ ದೀಪ ಮೇಲಿಂದ ಸುರಿಯುತ್ತದೆ. ಹುಬ್ಬಿನ ನೆರಳು ಕಣ್ಣಿಗೆ, ಮೂಗಿನ ನೆರಳು ತುಟಿಗೆ ಬೀಳುತ್ತದೆ. ನೋಡುವವರಿಗೆ ಕಣ್ಣು ಕಾಣದ ಮುಖದ ಮೇಲೆ ನಂಬಿಕೆ ಹುಟ್ಟುವುದಿಲ್ಲ.

ಫ್ಯಾನನ್ನೂ ಇಲ್ಲೇ ಆರಿಸಿಬಿಡಿ. ದೀಪ ಫ್ಯಾನಿನ ರೆಕ್ಕೆಗಿಂತ ಮೇಲಿದ್ದರೆ ರೆಕ್ಕೆಯ ನೆರಳು ಕೋಣೆಯಿಡೀ ಪಟಪಟ ಹೊಡೆಯುತ್ತದೆ. ಅದರ ಗಾಳಿಯ ಸದ್ದು ಮೈಕಿನಲ್ಲೂ ಕೇಳುತ್ತದೆ.

ಹಂತ 3: ದೀಪ ಕೊಳ್ಳುವಾಗ

ಅಂಗಡಿಯಲ್ಲಿ ಮೂರು ಬಗೆ ತೋರಿಸುತ್ತಾರೆ. ರಿಂಗ್ ಲೈಟ್ ಎಂದರೆ ಬಳೆಯಾಕಾರದ್ದು. ಪ್ಯಾನೆಲ್ ಎಂದರೆ ಹಲಗೆಯ ಮೇಲೆ ಸಣ್ಣ ಎಲ್‌ಇಡಿಗಳನ್ನು ಸಾಲಾಗಿ ಕೂರಿಸಿದ್ದು. ಸಿಒಬಿ ಎಂದರೆ ಒಂದೇ ಚುಕ್ಕೆಯಷ್ಟು ಜಾಗದಲ್ಲಿ ಎಲ್‌ಇಡಿಗಳನ್ನು ಒತ್ತಾಗಿ ಸೇರಿಸಿದ್ದು, ಬೆಳಕು ಒಂದು ಬಿಂದುವಿನಿಂದ ಹೊರಡುತ್ತದೆ. ಒಂದೇ ದೀಪ ಕೊಳ್ಳುವುದಾದರೆ ಸಿಒಬಿ ಕೊಳ್ಳಿ. ಮುಂದೆ ಬಟ್ಟೆ ಕಟ್ಟಿದರೆ ಮೆದುವಾಗುತ್ತದೆ, ತೆಗೆದರೆ ಬಿಸಿಲಿನಂತೆ ಚುರುಕಾಗುತ್ತದೆ, ಎರಡಕ್ಕೂ ಒದಗುತ್ತದೆ. ಒಬ್ಬರ ಮುಖಕ್ಕೆ 60 ವಾಟ್ ಧಾರಾಳ. 230 ವೋಲ್ಟಿನಲ್ಲಿ ಅದು ಎಳೆಯುವುದು ಕಾಲು ಆಂಪಿಯರಿಗಿಂತ ತುಸು ಹೆಚ್ಚು, ಹಾಗಾಗಿ ಮಾಮೂಲಿ ಸಾಕೆಟ್ಟೇ ಸಾಕು. ‘ಬೋವೆನ್ಸ್ ಮೌಂಟ್’ ಇದೆಯೇ ಎಂದು ಕೇಳಿ. ದೀಪದ ಮುಂದೆ ಸಾಫ್ಟ್‌ಬಾಕ್ಸ್, ಅಂದರೆ ಬೆಳಕನ್ನು ಮೆದುವಾಗಿಸುವ ಬಟ್ಟೆಯ ಗೂಡು, ಸಿಕ್ಕಿಸುವ ಬಳೆ ಅದು. ಬಹಳ ಕಂಪನಿಗಳು ಇದೇ ಅಳತೆಯನ್ನು ಬಳಸುವುದರಿಂದ ನಾಳೆ ಬೇರೆ ದೀಪ ಕೊಂಡರೂ ಹಳೆಯ ಸಾಫ್ಟ್‌ಬಾಕ್ಸ್ ವ್ಯರ್ಥವಾಗುವುದಿಲ್ಲ.

ಇನ್ನು ಡಬ್ಬಿಯ ಮೇಲಿನ ಸಿಆರ್‌ಐ. ದೀಪ ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎನ್ನುವುದಕ್ಕೆ ನೂರಕ್ಕೆ ಕೊಡುವ ಅಂಕ ಇದು. ಮನೆಬಳಕೆಯ ಬಲ್ಬುಗಳಲ್ಲಿ ಸಾಮಾನ್ಯವಾಗಿ 80ರ ಆಸುಪಾಸು ಇರುತ್ತದೆ, ವಿಡಿಯೊ ದೀಪಕ್ಕೆ 95ಕ್ಕೆ ಕಡಿಮೆ ಇರಬಾರದು. ಆದರೆ ಈ ಅಂಕದಲ್ಲೊಂದು ಕೊರತೆಯಿದೆ. ಅದನ್ನು ಎಂಟು ತಿಳಿಬಣ್ಣಗಳ ಸರಾಸರಿಯಿಂದ ಲೆಕ್ಕ ಹಾಕುತ್ತಾರೆ, ಗಾಢ ಕೆಂಪು ಆ ಎಂಟರಲ್ಲಿ ಇಲ್ಲ. ಅದಕ್ಕೆ ‘ಆರ್9’ ಎಂಬ ಬೇರೆ ಅಂಕವಿದೆ. ನಮಗೆ ಅದೇ ಮುಖ್ಯ, ಏಕೆಂದರೆ ಕುಂಕುಮ, ಕೆಂಪು ಅಂಚಿನ ರೇಷ್ಮೆ ಸೀರೆ, ಬ್ಯಾಡಗಿ ಮೆಣಸಿನಕಾಯಿ ಎಲ್ಲವೂ ಕೆಂಪು. ನಮ್ಮ ಮೈಬಣ್ಣದ ಕಳೆಯೂ ಚರ್ಮದಡಿಯ ಕೆಂಪಿನಿಂದಲೇ ಬರುವುದು. ಆರ್9 ಕಡಿಮೆಯಿರುವ ದೀಪದಲ್ಲಿ ಮುಖ ಜ್ವರ ಬಂದು ಎದ್ದವರಂತೆ ಬೂದಿ ಬಣ್ಣಕ್ಕೆ ತಿರುಗುತ್ತದೆ.

ಹಾಗಾಗಿ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್‌.ಪಿ. ರೋಡಿಗೆ ಹೋಗಲಿ, ಇನ್ನೆಲ್ಲೇ ಹೋಗಲಿ, ಚೀಲದಲ್ಲಿ ಒಂದು ಕೆಂಪು ರೇಷ್ಮೆಯ ರವಿಕೆ ಕಣ ಇಟ್ಟುಕೊಂಡು ಹೋಗಿ. ಅಂಗಡಿಯ ಬಾಗಿಲಲ್ಲಿ, ಹೊರಗಿನ ಬೆಳಕಿನಲ್ಲಿ ಅದರ ಫೋಟೊ ತೆಗೆಯಿರಿ. ಆಮೇಲೆ ಒಳಗೆ ಆ ದೀಪವೊಂದರ ಬೆಳಕಿನಲ್ಲೇ ಇನ್ನೊಂದು ಫೋಟೊ ತೆಗೆಯಿರಿ. ಕೆಂಪು ಇಟ್ಟಿಗೆಯ ಬಣ್ಣಕ್ಕೋ ಕಿತ್ತಳೆಗೋ ಜಾರಿದ್ದರೆ ಆ ದೀಪ ಬೇಡ, ಡಬ್ಬಿಯ ಮೇಲೆ ಏನೇ ಬರೆದಿರಲಿ.

ಅಲ್ಲೇ ಇನ್ನೊಂದು ಪರೀಕ್ಷೆ ಮಾಡಿ. ದೀಪದ ಬೆಳಕನ್ನು ಹತ್ತು ಪರ್ಸೆಂಟಿಗೆ ಇಳಿಸಿ, ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಐದು ಸೆಕೆಂಡು ಚಿತ್ರಿಸಿ. ಬೆಳಕು ಮಿಣುಕುತ್ತಿದ್ದರೆ ಆ ದೀಪ ನಿಜವಾಗಿ ಮಂದವಾಗಿಲ್ಲ, ವೇಗವಾಗಿ ಹತ್ತಿ ಆರಿ ಮಂದವಾದಂತೆ ತೋರಿಸಿಕೊಳ್ಳುತ್ತಿದೆ ಎಂದರ್ಥ. ಅಂಥದ್ದು ವಿಡಿಯೊದಲ್ಲಿ ಪಟ್ಟೆಗಳನ್ನು ತರಬಹುದು. ಒಳ್ಳೆಯ ದೀಪ ಸ್ಲೋ ಮೋಷನ್‌ನಲ್ಲೂ ಅಲುಗದೆ ನಿಲ್ಲುತ್ತದೆ. ಸಿಒಬಿ ದೀಪದೊಳಗೆ ಸಣ್ಣ ಫ್ಯಾನು ಇರುವುದರಿಂದ ಪೂರ್ತಿ ಬೆಳಕಿಗೆ ಏರಿಸಿ, ಒಂದು ನಿಮಿಷ ಬಿಟ್ಟು, ಅದರ ಸದ್ದನ್ನೂ ಕಿವಿಕೊಟ್ಟು ಕೇಳಿ.

ರಿಂಗ್ ಲೈಟ್ ಈಗಾಗಲೇ ಇದ್ದರೆ ಬಿಸಾಡಬೇಡಿ, ಕ್ಯಾಮೆರಾದ ಎದುರಿಂದ ತೆಗೆದು ಪಕ್ಕಕ್ಕಿಟ್ಟು, ಮುಂದೆ ಬಟ್ಟೆ ಕಟ್ಟಿ ಬಳಸಿ. ಹೊಸದಾಗಿ ಕೊಳ್ಳಬೇಡಿ ಎಂದಷ್ಟೇ ನನ್ನ ಸಲಹೆ. ಎಲ್ಲದಕ್ಕೂ ಮೊದಲು, ಸಾಧ್ಯವಾದರೆ ಒಂದು ದಿನಕ್ಕೆ ಬಾಡಿಗೆಗೆ ತಂದು ನೋಡಿ. ತರುವಾಗ ಅಂಗಡಿಯಲ್ಲೇ ವಸ್ತುವಿನ ಸುತ್ತ ಒಂದು ವಿಡಿಯೊ ಮಾಡಿಕೊಳ್ಳಿ. ಮೊದಲೇ ಇದ್ದ ಗೀರಿಗೆ ಒಮ್ಮೆ ನನ್ನ ಠೇವಣಿ ಹಿಡಿದುಕೊಂಡಿದ್ದರು.

ಹಂತ 4: ಬೆಳಕನ್ನು ಮೆದುವಾಗಿಸಿ, ಸರಿಯಾದ ಜಾಗದಲ್ಲಿಡಿ

ಇಡೀ ಕೆಲಸದ ಜೀವ ಇಲ್ಲಿದೆ. ಸಾವಧಾನವಾಗಿ ಓದಿ.

ಮೆದು ಬೆಳಕು ಎಂದರೆ ಕಡಿಮೆ ಬೆಳಕು ಎಂದು ಬಹಳ ಜನ ತಿಳಿದಿದ್ದಾರೆ. ನೆರಳಿನ ಅಂಚು ಚೂಪಾಗಿದ್ದರೆ ಗಡಸು ಬೆಳಕು, ನೆರಳು ಮೆಲ್ಲಗೆ ಕರಗಿದರೆ ಮೆದು ಬೆಳಕು. ಇದನ್ನು ತೀರ್ಮಾನಿಸುವುದು ದೀಪದ ಗಾತ್ರ, ಅದೂ ಕೂತವರ ಕಡೆಯಿಂದ ನೋಡಿದಾಗ ಅದು ಎಷ್ಟು ದೊಡ್ಡದಾಗಿ ಕಾಣುತ್ತದೆ ಎನ್ನುವುದು. ಸೂರ್ಯ ಎಷ್ಟು ದೊಡ್ಡವನಾದರೂ ದೂರದಲ್ಲಿರುವುದರಿಂದ ಆಕಾಶದಲ್ಲೊಂದು ಬಿಲ್ಲೆ, ಅದಕ್ಕೇ ಬಿಸಿಲಿನ ನೆರಳು ಚೂಪು. ಮೋಡ ಕವಿದರೆ ಇಡೀ ಆಕಾಶವೇ ದೀಪವಾಗುತ್ತದೆ, ನೆರಳು ಮಾಯವಾಗುತ್ತದೆ. ಜುಲೈ ತಿಂಗಳ ಬೆಂಗಳೂರು ಇಡೀ ಊರಿಗೆ ಕಟ್ಟಿದ ಬಿಳಿ ಪಂಚೆಯ ಹಾಗೆ.

ನಿಮ್ಮ ಕೋಣೆಯಲ್ಲಿ ಅದನ್ನೇ ಮಾಡಿ. ಪರದೆಯ ಕೋಲಿಗೋ, ಗೋಡೆಯಿಂದ ಗೋಡೆಗೆ ಬಿಗಿದ ಹಗ್ಗಕ್ಕೋ ಪಂಚೆಯನ್ನು ಕ್ಲಿಪ್ಪು ಹಾಕಿ ಇಳಿಬಿಡಿ. ಅದರ ಹಿಂದೆ ದೀಪ, ಮುಂದೆ ಕೂತವರು. ಸಿನಿಮಾ ಸೆಟ್ಟಿನಲ್ಲಿ ಬೆಳಕನ್ನು ಮೆದುವಾಗಿಸಲು ಚೌಕಟ್ಟಿಗೆ ಕಟ್ಟುವ ಬಟ್ಟೆಗೆ ‘ಸ್ಕಿಮ್ಮರ್’ ಎನ್ನುತ್ತಾರೆ, ನಿಮ್ಮ ಪಂಚೆಯೂ ಅದೇ ಕೆಲಸ ಮಾಡುತ್ತದೆ. ಇಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ. ದೀಪವನ್ನು ಬಟ್ಟೆಗೆ ಅಂಟಿಸಿದಂತೆ ಇಟ್ಟುಬಿಡುತ್ತಾರೆ. ಆಗ ಬಟ್ಟೆಯ ನಡುವೆ ತಟ್ಟೆಯಷ್ಟಗಲ ಮಾತ್ರ ಬೆಳಗುತ್ತದೆ, ಉಳಿದ ಬಟ್ಟೆ ಇದ್ದೂ ಇಲ್ಲದಂತೆ. ದೀಪವನ್ನು ಮೂರಡಿ ಹಿಂದಕ್ಕೆ ಸರಿಸಿ, ಪಂಚೆ ಅಂಚಿನಿಂದ ಅಂಚಿಗೆ ಒಂದೇ ಸಮ ಬೆಳಗಬೇಕು. ಪಂಚೆಯನ್ನು ಮಾತ್ರ ಚೌಕಟ್ಟಿನೊಳಗೆ ಕಾಣದಷ್ಟು ದೂರ ಬಿಟ್ಟು, ಕೂತವರಿಗೆ ಸಾಧ್ಯವಾದಷ್ಟು ಹತ್ತಿರ ತನ್ನಿ. ಮೂರು ಅಡಿಯಾದರೆ ಒಳ್ಳೆಯದು. ಬಟ್ಟೆಯನ್ನು ದೀಪಕ್ಕೇ ಹೊದಿಸುವುದಂತೂ ಕೂಡದು. ಸಿಒಬಿ ಬಿಸಿಯಾಗುತ್ತದೆ, ಗಾಳಿಯ ಕಿಂಡಿ ಮುಚ್ಚಿದರೆ ದೀಪವೂ ಕೆಡುತ್ತದೆ, ಬೆಂಕಿಯ ಅಪಾಯವೂ ಇದೆ.

ಇನ್ನು ದಿಕ್ಕು. ಕ್ಯಾಮೆರಾದಿಂದ ಮುಖಕ್ಕೆ ಒಂದು ಗೆರೆ ಎಳೆದಿರಿ ಎಂದುಕೊಳ್ಳಿ. ದೀಪ ಆ ಗೆರೆಯಿಂದ ಸುಮಾರು 45 ಡಿಗ್ರಿ ಪಕ್ಕಕ್ಕಿರಲಿ, ಕಣ್ಣಿನ ಮಟ್ಟಕ್ಕಿಂತ ಎರಡಡಿ ಮೇಲಿರಲಿ. ಇದು ‘ಕೀ ಲೈಟ್’, ಅಂದರೆ ಮುಖ್ಯ ಬೆಳಕು. ಕೂತವರ ಕಣ್ಣುಗಳನ್ನು ನೋಡಿ. ಎರಡೂ ಕಣ್ಣಿನ ಕಪ್ಪು ಗುಡ್ಡೆಯಲ್ಲಿ, ಗಡಿಯಾರದ ಹತ್ತು ಗಂಟೆಯ ಅಥವಾ ಎರಡು ಗಂಟೆಯ ಜಾಗದಲ್ಲಿ, ಪಂಚೆಯ ಪುಟ್ಟ ಬಿಳಿ ಬಿಂಬ ಕಂಡರೆ ದೀಪ ಸರಿಯಾದ ಜಾಗದಲ್ಲಿದೆ. ಆ ಮಿಂಚು ಇಲ್ಲದಿದ್ದರೆ ದೀಪವನ್ನು ತುಸು ಕೆಳಗಿಳಿಸಿ.

ಇನ್ನೊಂದು ಕೆನ್ನೆ ಈಗ ಕತ್ತಲಾಗಿರುತ್ತದೆ. ಅದಕ್ಕೆ ಎರಡನೆಯ ದೀಪ ಬೇಡ. ಆ ಕಡೆ ಥರ್ಮಕೋಲ್ ಶೀಟನ್ನು ಮುಖದಿಂದ ಎರಡಡಿ ದೂರದಲ್ಲಿ ನಿಲ್ಲಿಸಿ. ಕೀ ಲೈಟಿನ ಬೆಳಕೇ ಅದಕ್ಕೆ ಬಡಿದು ವಾಪಸು ಬಂದು ನೆರಳನ್ನು ತಿಳಿಯಾಗಿಸುತ್ತದೆ. ಇದು ‘ಫಿಲ್’, ತುಂಬುವ ಬೆಳಕು. ಹತ್ತಿರ ತಂದಷ್ಟೂ ನೆರಳು ತಿಳಿ, ದೂರ ಒಯ್ದಷ್ಟೂ ಗಾಢ. ಪೂರ್ತಿ ಅಳಿಸಬೇಡಿ, ನೆರಳಿದ್ದರೇ ಮುಖಕ್ಕೆ ಉಬ್ಬುತಗ್ಗು. ನಮ್ಮ ಚಿಕ್ಕ ಕೋಣೆಗಳ ಬಿಳಿ ಗೋಡೆಗಳಲ್ಲಿ ಎಷ್ಟೋ ಸಲ ಇದಕ್ಕೆ ತದ್ವಿರುದ್ಧ ಸಮಸ್ಯೆಯೇ ಬರುತ್ತದೆ: ಗೋಡೆಗಳೆಲ್ಲ ಬೆಳಕನ್ನು ಎರಚಿ ಮುಖ ದೋಸೆಯಂತೆ ಚಪ್ಪಟೆಯಾಗುತ್ತದೆ. ಆಗ ಥರ್ಮಕೋಲಿನ ಬದಲು ಅಲ್ಲಿ ಕಪ್ಪು ಶಾಲು ಇಳಿಬಿಡಿ, ನೆರಳು ಮರಳಿ ಬರುತ್ತದೆ.

ದೂರದ ಲೆಕ್ಕ ಗೊತ್ತಿರಲಿ. ದೀಪದಿಂದ ಮುಖಕ್ಕಿರುವ ದೂರ ಎರಡರಷ್ಟಾದರೆ ಬೆಳಕು ಅರ್ಧವಾಗುವುದಿಲ್ಲ, ಕಾಲು ಭಾಗವಾಗುತ್ತದೆ. ಇದು ಬರೀ ತೊಂದರೆಯಲ್ಲ, ನಮಗೊಂದು ಉಪಾಯವೂ ಹೌದು. ದೀಪ (ಪಂಚೆ ಕಟ್ಟಿದಾಗ ಬೆಳಗುವ ಪಂಚೆಯೇ ದೀಪ) ಮುಖಕ್ಕೆ ಮೂರಡಿ, ಹಿಂದಿನ ಗೋಡೆಗೆ ಒಂಬತ್ತು ಅಡಿ ಇದ್ದರೆ ಗೋಡೆಗೆ ಬೀಳುವುದು ಮುಖಕ್ಕೆ ಬೀಳುವುದರ ಹೆಚ್ಚುಕಡಿಮೆ ಒಂಬತ್ತನೆಯ ಒಂದು ಭಾಗ. ಗೋಡೆ ತಾನಾಗಿ ಹಿಂದೆ ಸರಿಯುತ್ತದೆ, ಮುಖ ಎದ್ದು ಬರುತ್ತದೆ. ಆದ್ದರಿಂದ ಕುರ್ಚಿಯನ್ನು ಗೋಡೆಗೆ ಒರಗಿಸಬೇಡಿ. ಕೋಣೆ ಎಷ್ಟೇ ಚಿಕ್ಕದಿರಲಿ, ಹಿಂದೆ ನಾಲ್ಕಡಿ ಬಿಡಿ. ಜಾಗ ಸಾಲದಿದ್ದರೆ ಕ್ಯಾಮೆರಾವನ್ನು ಬಾಗಿಲಾಚೆ ನಡುಮನೆಯಲ್ಲಿಟ್ಟು ಬಾಗಿಲಿನ ಮೂಲಕ ತೆಗೆಯಿರಿ, ನಾನು ಹಾಗೇ ಮಾಡುವುದು.

ಕನ್ನಡಕ ಹಾಕಿದವರು. ನಮ್ಮ ಬೀದಿಯ ಮೇಷ್ಟ್ರೊಬ್ಬರಿಗೆ ಹಳಗನ್ನಡದ ಪಾಠಗಳನ್ನು ಚಿತ್ರಿಸಿಕೊಡುವಾಗ ಮೊದಲ ದಿನ ಅವರ ಎರಡೂ ಗಾಜಿನಲ್ಲಿ ಪಂಚೆಯ ಬಿಳಿ ಚೌಕ ತುಂಬಿ ಕಣ್ಣೇ ಕಾಣಲಿಲ್ಲ. “ಕನ್ನಡಕ ತೆಗೀಲೇನಪ್ಪಾ?” ಎಂದರು. “ಬೇಡ ಸಾರ್, ನೀವು ಓದೋದು ಹ್ಯಾಗೆ ಮತ್ತೆ?” ಎಂದೆ. ದೀಪವನ್ನೂ ಪಂಚೆಯನ್ನೂ ಒಂದಡಿ ಮೇಲೇರಿಸಿ, ಇನ್ನಷ್ಟು ಪಕ್ಕಕ್ಕೆ ಸರಿಸಿ, ಕನ್ನಡಕದ ಕಡ್ಡಿಯನ್ನು ಕಿವಿಯ ಮೇಲೆ ಕೂದಲೆಳೆಯಷ್ಟು ಎತ್ತಿ ಕೂರಿಸಿದೆ. ಗಾಜು ತುಸು ಕೆಳಕ್ಕೆ ಬಾಗಿತು, ಬಿಂಬ ಎದೆಯ ಕಡೆಗೆ ಜಾರಿತು, ಕಣ್ಣು ಕಂಡಿತು. ಕನ್ನಡಕದ ಮಟ್ಟಿಗೆ ಈ ಕ್ರಮ ಬಹುಪಾಲು ಸಲ ಸಾಕಾಗುತ್ತದೆ. ಪುಸ್ತಕ ನೋಡಿ ಓದುವವರು ತಲೆ ತಗ್ಗಿಸಿದಾಗ ಹೇಗಾಗುತ್ತದೆ ಎಂದೂ ಒಮ್ಮೆ ಪರೀಕ್ಷಿಸಿ.

ಸ್ಟ್ಯಾಂಡು ಬೀಳದಂತೆ ನೋಡಿಕೊಳ್ಳಿ. ವಿಟ್ರಿಫೈಡ್ ಟೈಲ್ಸ್ ಮೇಲೆ ಅದು ಜಾರುತ್ತದೆ. ಮೂರು ಕಾಲುಗಳಲ್ಲಿ ಒಂದು ದೀಪದ ಭಾರ ವಾಲುವ ಕಡೆಗೇ ಇರಲಿ, ಕಾಲಿನ ಮೇಲೆ ಐದು ಕಿಲೊ ಅಕ್ಕಿಯ ಚೀಲ ಹೇರಿ, ವೈರನ್ನು ನೆಲಕ್ಕೆ ಟೇಪ್ ಹಾಕಿ. ಮಕ್ಕಳಿರುವ ಮನೆಯಲ್ಲಿ ಇದನ್ನು ಮರೆಯಲೇಬಾರದು.

ಹಂತ 5: ಅಡುಗೆಮನೆಯಲ್ಲಾದರೆ

ಸ್ಟೀಲ್ ಪಾತ್ರೆ ಕನ್ನಡಿಯಿದ್ದಂತೆ, ಸುತ್ತ ಏನಿದೆಯೋ ಅದನ್ನು ತೋರಿಸುತ್ತದೆ. ಪಾತ್ರೆಯಲ್ಲಿ ಹೊಳಪು ಚುಚ್ಚುತ್ತಿದ್ದರೆ ಬೆಳಕು ಕಡಿಮೆ ಮಾಡಿ ಪ್ರಯೋಜನವಿಲ್ಲ, ದೀಪವನ್ನು ದೊಡ್ಡದು ಮಾಡಬೇಕು. ಪಂಚೆಯ ದೊಡ್ಡ ಬಿಳುಪು ಪಾತ್ರೆಯ ಮೈಮೇಲೆ ಹಾಲಿನಂತೆ ಹರಡಿದರೆ ಸ್ಟೀಲು ಸ್ಟೀಲಿನಂತೆ ಕಾಣುತ್ತದೆ. ‘ಪೋಲರೈಸರ್ ಫಿಲ್ಟರ್ ಹಾಕಿ’ ಎಂದು ಯಾರಾದರೂ ಹೇಳಬಹುದು. ಪ್ರತಿಫಲನವನ್ನು ಕಡಿಮೆ ಮಾಡುವ, ಲೆನ್ಸಿನ ಮುಂದೆ ಹಾಕುವ ಗಾಜು ಅದು. ಗಾಜು, ನೀರು, ಎಣ್ಣೆಯ ಮೇಲಿನ ಹೊಳಪಿಗೆ ಕೆಲಸ ಮಾಡುತ್ತದೆ, ಲೋಹದ ನೇರ ಹೊಳಪಿಗೆ ಮಾಡುವುದಿಲ್ಲ.

ಅಡುಗೆಗೆ ದೀಪ ಎದುರಿಗಿಂತ ಹಿಂದಿನ ಒಂದು ಪಕ್ಕದಿಂದ ಬರಲಿ. ಸಾಸಿವೆ ಸಿಡಿಯುವುದು, ಅನ್ನದ ಹಬೆ ಏಳುವುದು, ಸಾರಿನ ಮೇಲಿನ ತುಪ್ಪದ ಕಣ್ಣು, ಎಲ್ಲವೂ ಹಿಂಬೆಳಕಿನಲ್ಲೇ ಕಾಣುವುದು. ಎದುರಿನಿಂದ ಬೆಳಕು ಬಿಟ್ಟರೆ ಹಬೆ ಮಾಯ. ಹಬೆಯ ಹಿಂದಿನ ಜಾಗ ಕಪ್ಪಾಗಿರಬೇಕು. ಬಿಳಿ ಟೈಲ್ಸ್ ಗೋಡೆಯಾದರೆ ಕಪ್ಪು ಚಾರ್ಟು ಅಂಟಿಸಿ. ಪಂಚೆ ಒಲೆಯಿಂದ ದೂರವಿರಲಿ.

ಹಂತ 6: ಕ್ಯಾಮೆರಾ ಹೊಂದಿಸುವುದು

ಕ್ಯಾಮೆರಾಕ್ಕೆ ತಾನಾಗಿ ತೀರ್ಮಾನಿಸಲು ಬಿಡಬೇಡಿ. ಆಟೊದಲ್ಲಿಟ್ಟರೆ ನೀವು ಕೈ ಎತ್ತಿದಾಗೊಮ್ಮೆ, ಮೋಡ ಸರಿದಾಗೊಮ್ಮೆ ಬೆಳಕೂ ಬಣ್ಣವೂ ಬದಲಾಗುತ್ತವೆ.

ಷಟರ್ ಸ್ಪೀಡ್ ಮೊದಲು. ಒಂದೊಂದು ಚಿತ್ರಕ್ಕೂ ಕ್ಯಾಮೆರಾ ಎಷ್ಟು ಹೊತ್ತು ಕಣ್ಣು ತೆರೆದಿರುತ್ತದೆ ಎನ್ನುವುದೇ ಅದು. ನಮ್ಮ ಕರೆಂಟು 50 ಹರ್ಟ್ಜ್, ಹಾಗಾಗಿ ಕರೆಂಟಿನ ದೀಪಗಳು ಸೆಕೆಂಡಿಗೆ 100 ಸಲ ಏರಿಳಿಯುತ್ತವೆ. ಷಟರ್ 1/50 ಅಥವಾ 1/100 ಇದ್ದರೆ ಪ್ರತಿ ಚಿತ್ರಕ್ಕೂ ಪೂರ್ತಿ ಏರಿಳಿತಗಳೇ ಸಿಗುತ್ತವೆ, ಪಟ್ಟೆ ಬರುವುದಿಲ್ಲ. 1/60 ಇಟ್ಟರೆ ಲೆಕ್ಕ ತಪ್ಪುತ್ತದೆ, ಪಟ್ಟೆಗಳು ಉರುಳತೊಡಗುತ್ತವೆ. ಅಮೆರಿಕದ ಕರೆಂಟು 60 ಹರ್ಟ್ಜ್, ಅಲ್ಲಿನವರ ಪಾಠಗಳಲ್ಲಿ 1/60 ಎಂದು ಹೇಳಿಕೊಡುವುದು ಅದಕ್ಕೆ. ಕ್ಯಾಮೆರಾದ ಮೆನುವಿನಲ್ಲಿ 60 ಹರ್ಟ್ಜ್‌ಗೆ ಹೊಂದುವ ಎನ್‌ಟಿಎಸ್‌ಸಿ ಬದಲು 50 ಹರ್ಟ್ಜ್‌ಗೆ ಹೊಂದುವ ಪಾಲ್ ಆರಿಸಿ, ಸೆಕೆಂಡಿಗೆ 25 ಫ್ರೇಮ್ (ಚಿತ್ರ), ಷಟರ್ 1/50. ಐಫೋನಿನಲ್ಲಿ ಕ್ಯಾಮೆರಾ ಸೆಟ್ಟಿಂಗ್ಸ್ ಒಳಗೆ ಪಾಲ್ ತೋರಿಸು ಎಂಬ ಆಯ್ಕೆ ಇದೆ. ಮೊಬೈಲಿನ ಮೂಲ ಆ್ಯಪ್ ಷಟರ್ ಬದಲಿಸಲು ಬಿಡದಿದ್ದರೆ ಉಚಿತವಾಗಿ ಸಿಗುವ ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಆ್ಯಪ್ ಹಾಕಿಕೊಳ್ಳಿ.

ಆಮೇಲೆ ವೈಟ್ ಬ್ಯಾಲೆನ್ಸ್, ಅಂದರೆ ಯಾವುದು ಬಿಳಿ ಎಂದು ಕ್ಯಾಮೆರಾಕ್ಕೆ ಹೇಳಿಕೊಡುವುದು. ಕೂತವರ ಮುಖದ ಹತ್ತಿರ ಬಿಳಿ ಹಾಳೆ ಅಥವಾ ಬೂದು ಬಣ್ಣದ ಕಾರ್ಡು ಹಿಡಿದು ಅಳೆಯಿರಿ, ಬೀಗ ಹಾಕಿ. ಪಂಚೆ ಕಟ್ಟಿದ ಮೇಲೆಯೇ ಅಳೆಯಬೇಕು. ನೀಲಿ ಹಾಕಿ ಒಗೆದ ಪಂಚೆ ಬೆಳಕನ್ನು ತಣ್ಣಗೆ ಮಾಡುತ್ತದೆ, ಹಳತಾದದ್ದು ಹಳದಿ ತರುತ್ತದೆ. ಹೀಗೆ ಅಳೆದರೆ ಎರಡೂ ಸರಿಹೋಗುತ್ತವೆ.

ಕೊನೆಗೆ ಐಎಸ್‌ಒ, ಬೆಳಕನ್ನು ಕ್ಯಾಮೆರಾದೊಳಗೇ ಹಿಗ್ಗಿಸುವ ಅಂಕಿ. ಎಷ್ಟು ಹಿಗ್ಗಿಸಿದರೆ ಅಷ್ಟು ಕಾಳುಕಾಳಾಗುತ್ತದೆ. ಬೆಳಕು ಸಾಲದಿದ್ದರೆ ಐಎಸ್‌ಒ ಏರಿಸುವ ಮೊದಲು ದೀಪವನ್ನು ಅರ್ಧ ಅಡಿ ಮುಂದೆ ತನ್ನಿ. ಅಳೆಯುವುದು ಮುಖವನ್ನು ನೋಡಿ, ಬಟ್ಟೆಯನ್ನು ನೋಡಿ ಅಲ್ಲ. ಬಿಳಿ ಜುಬ್ಬ ಹಾಕಿಕೊಂಡರೆ ಆಟೊ ಕ್ಯಾಮೆರಾ ಜುಬ್ಬಕ್ಕೆ ಹೆದರಿ ಮುಖವನ್ನು ಕಪ್ಪು ಮಾಡುತ್ತದೆ. ಬಿಳಿಯಲ್ಲದ ಬೇರೆ ಬಣ್ಣದ ಬಟ್ಟೆ ಹಾಕಿಸಿ. ಸಣ್ಣ ಚೌಕಳಿ, ಒತ್ತು ಗೆರೆಗಳ ಅಂಗಿಯೂ ಬೇಡ, ಪರದೆಯಲ್ಲಿ ಅಲೆಅಲೆಯಾಗಿ ಕುಣಿಯುತ್ತದೆ. ಫೋಕಸ್ ಕಣ್ಣಿನ ಮೇಲಿಟ್ಟು ಬೀಗ ಹಾಕಿ.

ಹಂತ 7: ಧ್ವನಿ, ಕಾರ್ಡು, ಕರೆಂಟು

ಕಾಲರ್ ಮೈಕನ್ನು ಗಲ್ಲದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ. ತಾಳಿ, ಸರ, ಸೆರಗು ಮುಟ್ಟದಿರಲಿ. ಕೋಣೆಯಲ್ಲಿ ಚಪ್ಪಾಳೆ ತಟ್ಟಿ, ಸದ್ದು ಟಣ್ ಎಂದು ಮಾರ್ದನಿಸಿದರೆ ಚಾಪೆ, ಜಮಖಾನ, ಹಾಸಿಗೆ ತಂದು ಹಾಕಿ. ಫ್ರಿಜ್ಜು ಆರಿಸಿದರೆ ಕಾರಿನ ಕೀಲಿಯನ್ನು ಅದರೊಳಗಿಡಿ, ಮತ್ತೆ ಹಾಕಲು ಮರೆಯುವುದಿಲ್ಲ. ನೀರಿನ ಮೋಟಾರು, ಕುಕ್ಕರಿನ ಕೂಗು, ಹಾರ್ನು ಇವುಗಳ ನಡುವೆ ಬೆಳಿಗ್ಗೆ ಆರಕ್ಕೆ ಮೊದಲು ಮತ್ತು ಮಧ್ಯಾಹ್ನ ಎರಡರಿಂದ ನಾಲ್ಕು ನನಗೆ ಒದಗಿಬಂದ ಹೊತ್ತುಗಳು.

ಮೆಮೊರಿ ಕಾರ್ಡಿನ ಮೇಲೆ ವಿ30 ಎಂದಿದ್ದರೆ ಸೆಕೆಂಡಿಗೆ ಕನಿಷ್ಠ 30 ಮೆಗಾಬೈಟ್ ಎಡೆಬಿಡದೆ ಬರೆಯುತ್ತದೆ ಎಂದರ್ಥ. ಸೆಕೆಂಡಿಗೆ 100 ಮೆಗಾಬಿಟ್‌ನ ವಿಡಿಯೊಕ್ಕೆ (ಎಂಟು ಬಿಟ್ಟಿಗೆ ಒಂದು ಬೈಟು) ಬೇಕಾಗುವುದು ಸೆಕೆಂಡಿಗೆ 12.5 ಮೆಗಾಬೈಟ್ ಮಾತ್ರ, ಹತ್ತು ನಿಮಿಷಕ್ಕೆ 7.5 ಗಿಗಾಬೈಟ್. ಅದಕ್ಕಿಂತ ದುಬಾರಿ ಕಾರ್ಡು ಬೇಡ. ಆದರೆ ನಕಲಿ ಕಾರ್ಡುಗಳಿರುತ್ತವೆ. ತಂದ ದಿನವೇ ಅಂಚಿನವರೆಗೆ ತುಂಬಿಸಿ, ವಾಪಸು ತೆರೆದು ನೋಡಿ.

ಕರೆಂಟು ಹೋಗುವ ಬಡಾವಣೆಯಾದರೆ ದೀಪವನ್ನು ಯುಪಿಎಸ್ ಲೈನಿಗೆ ಹಾಕುವ ಮೊದಲು ಅದು ಪ್ಯೂರ್ ಸೈನ್ ವೇವ್, ಅಂದರೆ ಮಾಮೂಲಿ ಕರೆಂಟಿನಂತೆ ನಯವಾದ ಅಲೆಯದು, ಹೌದೇ ನೋಡಿ. ಚೌಕ ಅಲೆಯ ಹಳೆಯ ಇನ್ವರ್ಟರಿನಲ್ಲಿ ದೀಪದ ಅಡಾಪ್ಟರು ಗುಂಯ್‌ಗುಡುತ್ತದೆ.

ಹಂತ 8: ಮಳೆಗಾಲಕ್ಕೆ ಎತ್ತಿಡುವುದು

ಜೂನ್‌ನಿಂದ ಅಕ್ಟೋಬರ್‌ವರೆಗೆ ಲೆನ್ಸಿನ ಶತ್ರು ತೇವ. ಗಾಳಿಯಲ್ಲಿ ತೇವಾಂಶ 60–65 ಪರ್ಸೆಂಟ್ ದಾಟಿ ಕತ್ತಲಲ್ಲಿ ವಾರಗಟ್ಟಲೆ ಇದ್ದರೆ ಗಾಜಿನ ಒಳಮೈಯಲ್ಲಿ ಬೂಷ್ಟು ಹಿಡಿಯುತ್ತದೆ. ನನ್ನ ಮೊದಲ 50 ಎಂಎಂ ಲೆನ್ಸನ್ನು ಬೀರುವಿನಲ್ಲಿ, ಕ್ಯಾಮೆರಾ ಚೀಲದಲ್ಲೇ ಒಂದು ಮಳೆಗಾಲ ಬಿಟ್ಟಿದ್ದೆ. ಟಾರ್ಚು ಹಾಯಿಸಿ ನೋಡಿದಾಗ ಒಳಗೆ ಜೇಡರಬಲೆಯಂಥ ಬಿಳಿ ಎಳೆಗಳು ಅಂಚಿನಿಂದ ನಡುವಿಗೆ ಹೊರಟಿದ್ದವು. ಸೆಕೆಂಡ್‌ಹ್ಯಾಂಡ್ ಲೆನ್ಸ್ ಕೊಳ್ಳುವವರೂ ಹೀಗೇ ಟಾರ್ಚು ಹಾಯಿಸಿ ನೋಡಬೇಕು.

ತೇವ ತೆಗೆಯುವ ಕರೆಂಟಿನ ಬೀರು, ಡ್ರೈ ಕ್ಯಾಬಿನೆಟ್, ಬೇಕೆಂದೇನಿಲ್ಲ. ಗಾಳಿಯಾಡದ ದೊಡ್ಡ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ತೇವ ಹೀರುವ ಕಾಳುಗಳಾದ ಸಿಲಿಕಾ ಜೆಲ್ ಕಾಲು ಕಿಲೊ, ತೇವ ತೋರಿಸುವ ಪುಟ್ಟ ಮೀಟರು ಸಾಕು. ಮುಳ್ಳು 40–50ರ ನಡುವೆ ಇರಲಿ. ಸಿಲಿಕಾ ಜೆಲ್‌ನಲ್ಲಿ ಕಿತ್ತಳೆ ಬಣ್ಣದ್ದನ್ನು ಕೊಳ್ಳಿ. ನೀಲಿಯದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಮನೆಯಲ್ಲಿ ಬಿಸಿ ಮಾಡುವ ವಸ್ತುವಿಗೆ ಅದು ಒಳ್ಳೆಯದಲ್ಲ. ಬಣ್ಣ ತಿರುಗಿದಾಗ ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಒಣಗಿಸಿ, ಆರಿದ ಮೇಲೆ ಡಬ್ಬಿಗೆ ಹಾಕಿ. ಕ್ಯಾಮೆರಾದ ಚೀಲವನ್ನು ಡಬ್ಬಿಯೊಳಗೆ ಇಡಬೇಡಿ, ಅದರ ಸ್ಪಂಜೇ ತೇವದ ಗೂಡು. ತಿಂಗಳಿಗೊಮ್ಮೆ ಲೆನ್ಸುಗಳನ್ನು ಹೊರತೆಗೆದು, ಬಿಸಿಲು ನೇರ ಬೀಳದ ಕಿಟಕಿಯ ಹತ್ತಿರ ಅರ್ಧ ಗಂಟೆ ಇಟ್ಟು ಗಾಳಿಯಾಡಿಸಿ. ಪಂಚೆಯನ್ನು ಒಗೆದು, ಈ ಸಲ ನೀಲಿ ಹಾಕದೆ, ಚೆನ್ನಾಗಿ ಒಣಗಿಸಿ ಮಡಚಿಡಿ.